ಬೆಲೆ ಇಳಿದಿದೆ, ಕಾರು ಇಳಿದಿಲ್ಲ

ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಮಾರುಕಟ್ಟೆಯಲ್ಲಿ ಸ್ಪೋರ್ಟ್ಸ್ ಕೂಪೆಗಳು ಈಗ ಕಣ್ಣಿಗೆ ಬೀಳದ ಸರಕೇನಲ್ಲ. 2015ರಲ್ಲಿ ಸುಮಾರು 60 ಲಕ್ಷ ರೂಪಾಯಿಗೆ ಬಂದ ಮೂರನೇ ಪೀಳಿಗೆಯ ಆಡಿ ಟಿಟಿ, 2016ರ ಜುಲೈನಲ್ಲಿ 65 ಲಕ್ಷಕ್ಕೆ ಬಂದ ಫೋರ್ಡ್ ಮಸ್ಟಾಂಗ್ ಜಿಟಿ ಎರಡೂ ಮೊದಲ ಮಾಲೀಕರ ಕೈದಾಟಿ ಬರುತ್ತಿವೆ. ಟಿಟಿಯಂತೂ ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ವರ್ಷಗಟ್ಟಲೆ ಆಲ್ಟೊ, ವ್ಯಾಗನ್ ಆರ್ ಓಡಿಸಿಕೊಂಡು ನಾಲ್ಕು ಕಾಸು ಕೂಡಿಟ್ಟವರಿಗೆ, ಅದೇ ದುಡ್ಡಿಗೆ ಎಲ್ಲರೂ ಕೊಳ್ಳುವ ಎಸ್‌ಯುವಿಯ ಬದಲು ಇದನ್ನೇ ತಂದರೆ ಹೇಗೆ ಅನ್ನಿಸುವುದು ಸಹಜ. ಆ ಆಸೆಯಲ್ಲಿ ತಪ್ಪಿಲ್ಲ. ನೆಲಕ್ಕೆ ಹತ್ತಿರ ಕೂತು, ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೇ ತಿರುಗುವ ಕಾರನ್ನು ಓಡಿಸುವ ಸುಖ ಬೇರೆಯೇ. ಕಾಡುವುದು ಆಸೆಯಲ್ಲ, ಅದರ ಜೊತೆ ಬರುವ ಕೆಲವು ನಂಬಿಕೆಗಳು.

"ಅರ್ಧ ಬೆಲೆಗೆ ಸಿಕ್ಕಿತು, ಅಂದಮೇಲೆ ಲಾಭವೇ"

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬ್ರೇಕ್ ಡಿಸ್ಕ್, ಹೆಡ್‌ಲೈಟ್, ಸಸ್ಪೆನ್ಷನ್ ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. 25 ಲಕ್ಷ ಕೊಟ್ಟು ತಂದರೂ ಗ್ಯಾರೇಜಿನ ಬಿಲ್ ಬರುವುದು 60 ಲಕ್ಷದ ಕಾರಿನ ಲೆಕ್ಕದಲ್ಲೇ.

ಟೈರನ್ನೇ ನೋಡಿ. ಆಲ್ಟೊ 800ರ ಟೈರಿನ ಮೇಲೆ 145/80 ಆರ್12 ಎಂದು ಬರೆದಿರುತ್ತದೆ. ಅಂದರೆ 145 ಮಿ.ಮೀ. ಅಗಲ, 12 ಇಂಚಿನ ರಿಮ್. ತಾಲ್ಲೂಕು ಕೇಂದ್ರದ ಯಾವ ಟೈರ್ ಅಂಗಡಿಗೆ ಹೋದರೂ ಸಿಗುವ ಮಾಲು. ಮಸ್ಟಾಂಗ್ ಜಿಟಿಗೆ ಮುಂದೆ 255/40, ಹಿಂದೆ 275/40, ಎರಡೂ 19 ಇಂಚು. ಮುಂದಿನದು ಹಿಂದಿನದು ಬೇರೆ ಬೇರೆ ಅಗಲದ್ದಾದ್ದರಿಂದ, ಅದಲು ಬದಲು ಮಾಡಿ ಸವೆತ ಸರಿದೂಗಿಸುವ ನಮ್ಮ ಹಳೇ ಉಪಾಯ ಇಲ್ಲಿ ನಡೆಯದು. ಆಲ್ಟೊ ಎಂಜಿನ್‌ಗೆ ಸುಮಾರು ಮೂರು ಲೀಟರ್ ಆಯಿಲ್ ಸಾಕು, ಮಸ್ಟಾಂಗ್‌ನ ಐದು ಲೀಟರ್ ವಿ8 ಏಳೂವರೆ ಲೀಟರ್ ಕೇಳುತ್ತದೆ.

ಟಿಟಿಯ ಖರ್ಚು ಕಣ್ಣಿಗೆ ಕಾಣದ ಕಡೆ ಇರುತ್ತದೆ. ಅದರ ಆರು ಗೇರಿನ ಎಸ್ ಟ್ರಾನಿಕ್ ಗೇರ್‌ಬಾಕ್ಸ್‌ನ ಎರಡೂ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿಯೇ ಕೆಲಸ ಮಾಡುತ್ತವೆ. ಆ ಎಣ್ಣೆಯನ್ನೂ ಫಿಲ್ಟರನ್ನೂ 60,000 ಕಿ.ಮೀ.ಗೊಮ್ಮೆ ಬದಲಿಸಬೇಕು. ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಹಾಲ್ಡೆಕ್ಸ್ ಕ್ಲಚ್‌ಗೆ ಮತ್ತೊಂದು ಎಣ್ಣೆ. ಟಿಟಿಯ ಎಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಮನೆ ಸೋರುವುದು ಗೊತ್ತಿರುವ ಕಾಯಿಲೆ. 55,000 ಕಿ.ಮೀ. ಓಡಿದ ಟಿಟಿ ಮಾರಾಟಕ್ಕಿದ್ದರೆ ಮೊದಲು ಕೇಳಬೇಕಾದ್ದು ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್. ಅದು ಇಲ್ಲವೆಂದರೆ ಆ ಖರ್ಚು ನಿಮ್ಮ ತಲೆಗೇ ಬಂತೆಂದು ತಿಳಿದು ಚೌಕಾಸಿ ಮಾಡಿ. ಇನ್ನು ಮಸ್ಟಾಂಗ್‌ಗೆ ಬಂದರೆ, ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಮಸ್ಟಾಂಗ್ ಮೊದಲಿಂದಲೂ ಹೊರದೇಶದಿಂದ ಬಂದ ಕಾರೇ, ಹಾಗಾಗಿ ಅದರ ಭಾಗವೂ ಹೊರಗಿನಿಂದಲೇ ಬರಬೇಕು. ದುಡ್ಡಿನ ಜೊತೆಗೆ ಕಾಯುವ ತಾಳ್ಮೆಯೂ ಬೇಕು. ಕೊಳ್ಳುವ ಮೊತ್ತದ ಐದನೇ ಒಂದು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಪಕ್ಕಕ್ಕಿಡಿ, ಇದು ನನ್ನ ಲೆಕ್ಕ. ಅಷ್ಟು ಇಡಲಾಗದಿದ್ದರೆ ಒಂದು ವರ್ಷ ತಡೆದು ಕೊಳ್ಳುವುದೇ ಮೇಲು.

"ಎಂಟು ವರ್ಷದಲ್ಲಿ ಬರೀ 15,000 ಕಿ.ಮೀ. ಓಡಿದೆ, ಹೊಸದೇ ಅನ್ನಿ"

ಕಾರು ಓಡಿದರೆ ಮಾತ್ರವಲ್ಲ, ನಿಂತರೂ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಕಿಲೋಮೀಟರ್ ಎಷ್ಟೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ರಬ್ಬರ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ. ಟೈರಿನ ವಯಸ್ಸು ತಿಳಿಯಲು ಮಾರುವವರ ಮಾತು ಬೇಕಿಲ್ಲ. ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಟ್ರೆಡ್ ಗೀರುಗಳೆಲ್ಲ ಆಳವಾಗಿ, ನೋಡಲು ಹೊಸದರಂತಿದ್ದರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಕೊಡದು. ನಾಲ್ಕೂ ಬದಲಿಸಲೇಬೇಕು.

ಮೀಟರ್ ಹಿಂದಕ್ಕೆ ತಿರುಗಿಸುವ ಕೈಚಳಕವೂ ನಮ್ಮಲ್ಲಿ ಇದ್ದದ್ದೇ. ಸರ್ವಿಸ್ ಬಿಲ್‌ಗಳಲ್ಲಿ ದಿನಾಂಕದೆದುರು ಬರೆದ ಕಿಲೋಮೀಟರ್ ಸಾಲಾಗಿ ಏರುತ್ತಾ ಬಂದಿದೆಯೇ ನೋಡಿ. ನನ್ನನ್ನು ಕೇಳಿದರೆ, ಬಿಲ್ ಸಮೇತ 50,000 ಓಡಿದ ಕಾರು, ಕಾಗದವಿಲ್ಲದೆ 15,000 ಓಡಿದ್ದಕ್ಕಿಂತ ಒಳ್ಳೆಯದು.

"ನಮ್ಮ ಹಂಪ್‌ಗಳ ಮೇಲೆ ಕೂಪೆ ಓಡಿಸುವುದು ಆಗದ ಮಾತು"

ಇದು ಅರ್ಧ ಸತ್ಯ. ಯಾವ ಅರ್ಧ ಅನ್ನುವುದು ಗೊತ್ತಿದ್ದರೆ ಬಂಪರ್ ಉಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದದ ಇಳಿಜಾರಾದ ಉಬ್ಬು. ಮಸ್ಟಾಂಗ್‌ನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 2.72 ಮೀಟರ್, ಹೊಟ್ಟೆ ನೆಲದಿಂದ ಸುಮಾರು 13.7 ಸೆಂ.ಮೀ. ಮೇಲೆ. ನಿಯಮದಂತೆ ಕಟ್ಟಿದ ಹಂಪ್‌ನ ಮೇಲೆ ನಿಧಾನಕ್ಕೆ ಹೋದರೆ ನಾಲ್ಕೂ ಚಕ್ರ ಉಬ್ಬಿನ ಮೇಲೆಯೇ ಇರುತ್ತವೆ. ನಟ್ಟನಡುವೆ ಹೊಟ್ಟೆಯ ಕೆಳಗೆ ಕಡಿಮೆಯಾಗುವುದು ಐದೂವರೆ ಸೆಂ.ಮೀ.ಗಿಂತ ಹೆಚ್ಚಿಲ್ಲ. ಕಾರು ಆರಾಮವಾಗಿ ದಾಟುತ್ತದೆ.

ಹೊಟ್ಟೆ ಗೀರುವುದು ಬಡಾವಣೆಯವರು ರಾತ್ರೋರಾತ್ರಿ ಹಾಕಿಸುವ ಮೊಂಡು ಹಂಪ್‌ನಲ್ಲಿ. ಎತ್ತರ ಅದೇ 10 ಸೆಂ.ಮೀ., ಅಗಲ ಮೊಳದಷ್ಟು. ಅದು ಎರಡು ಚಕ್ರಗಳ ನಡುವೆ ಬಂದಾಗ ಪೂರ್ತಿ 10 ಸೆಂ.ಮೀ. ಹೊಟ್ಟೆಯ ಕೆಳಗೇ ನಿಲ್ಲುತ್ತದೆ. ಉಳಿಯುವ ಮೂರೂಮುಕ್ಕಾಲು ಸೆಂ.ಮೀ. ಹಿಂದಿನ ಸೀಟಿಗೆ ಇಬ್ಬರು ಹತ್ತಿದರೆ ಇನ್ನೂ ಕರಗುತ್ತದೆ. ಆದ್ದರಿಂದ ಟೆಸ್ಟ್ ಡ್ರೈವನ್ನು ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಮುಗಿಸಬೇಡಿ. ಕಾರನ್ನು ನಿಮ್ಮ ಬೀದಿಗೇ ತನ್ನಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಇಳಿಸಿ ಹತ್ತಿಸಿ. ಒಪ್ಪದ ಮಾರಾಟಗಾರರನ್ನು ಬಿಟ್ಟು ಮುಂದೆ ಹೋಗಿ.

"ಇಷ್ಟು ವರ್ಷ ಕಾರು ಓಡಿಸಿದ್ದೇನೆ, ಇದೇನು ದೊಡ್ಡದು"

ಆಲ್ಟೊ 800ರದ್ದು 48 ಪಿಎಸ್ ಶಕ್ತಿ, ಸುಮಾರು 700 ಕಿಲೋ ತೂಕ, ಶಕ್ತಿಯೆಲ್ಲ ಮುಂದಿನ ಚಕ್ರಕ್ಕೆ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಅದು ತನ್ನ ಪಾಡಿಗೆ ಹೊರಡುತ್ತದೆ. ಕಾಲಿಗೆ ಅದೇ ಅಭ್ಯಾಸವಾಗಿರುತ್ತದೆ. ಮಸ್ಟಾಂಗ್‌ನ 401 ಪಿಎಸ್ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ. ಒದ್ದೆ ರಸ್ತೆಯ ತಿರುವಿನಲ್ಲಿ ಅದೇ ಅಭ್ಯಾಸದ ಕಾಲು ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ, ನಿಜ. ಆದರೆ ಟೈರಿಗೂ ರಸ್ತೆಗೂ ಇರುವಷ್ಟು ಹಿಡಿತವನ್ನು ಅದು ಬಳಸಬಲ್ಲದೇ ಹೊರತು ಹೊಸದಾಗಿ ಹುಟ್ಟಿಸಲಾರದು.

ಅಗಲದ ಟೈರು ಮಳೆಯಲ್ಲಿ ಹೆಚ್ಚು ಹಿಡಿಯುತ್ತದೆ ಅನ್ನುವುದೂ ತಪ್ಪು. ನಿಂತ ನೀರಿನಲ್ಲಿ ಅಗಲದ ಟೈರು ಬದಿಗೆ ತಳ್ಳಬೇಕಾದ ನೀರು ಹೆಚ್ಚು. ತಳ್ಳಲಾಗದಿದ್ದಾಗ ಅದು ನೀರಿನ ಮೇಲೆ ತೇಲಿಬಿಡುತ್ತದೆ, ಟ್ರೆಡ್ ಸವೆದಿದ್ದರೆ ಇನ್ನೂ ಬೇಗ. ಬ್ರೇಕ್ ದೊಡ್ಡದಿದ್ದರೂ ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿ ಗಂಟೆಗೆ 100 ಕಿ.ಮೀ. ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವನ್ನು ಪೊಲೀಸರು 2024ರ ಆಗಸ್ಟ್ 1ರಿಂದ ಜಾರಿಗೆ ತಂದರು. ಚಿಕ್ಕ ಕಾರಿನಿಂದ ಬರುವವರಿಗೆ ನಾಲ್ಕೂ ಚಕ್ರ ಎಳೆಯುವ ಟಿಟಿಯೇ ಮೊದಲ ಕೂಪೆಯಾಗಿ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ವಿ8 ಸದ್ದಿನ ಮೋಹ ನನಗೂ ಇದೆ, ಆದರೂ ಹೀಗೆಯೇ ಹೇಳುತ್ತೇನೆ.

"ದೆಹಲಿಯದ್ದು, ಪುದುಚೇರಿಯದ್ದು ಆದರೆ ಅಗ್ಗ"

ಕಾಗದದ ಮೇಲೆ ಅಗ್ಗ. ಬೇರೆ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ಅದು ಶೇ. 18, ಮೇಲೆ ಸೆಸ್ ಬೇರೆ. ಹಳೆಯದಕ್ಕೆ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ, ಆದರೂ ಲಕ್ಷಗಳಲ್ಲೇ ಇರುತ್ತದೆ. ಇದನ್ನು ಸೇರಿಸಿ ಲೆಕ್ಕ ಹಾಕಿದರೆ ಕೆಎ ನಂಬರಿನ ಕಾರಿನ ಬೆಲೆಗೇ ಬಂದು ನಿಲ್ಲುತ್ತದೆ.

ಹಳೇ ಕಾರಿನ ಪೂರ್ತಿ ಬೆಲೆಗೆ ಶೇ. 18 ಜಿಎಸ್‌ಟಿ ಎಂಬ ಗಾಬರಿಯೂ ಹಬ್ಬಿದೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ನಿರ್ಧರಿಸಿದ್ದು ನೋಂದಾಯಿತ ವ್ಯಾಪಾರಿಯ ಲಾಭದ ಮೇಲಿನ ತೆರಿಗೆ. ಖಾಸಗಿ ಮಾಲೀಕರಿಂದ ಖಾಸಗಿ ಮಾಲೀಕರಿಗೆ ಆಗುವ ಮಾರಾಟಕ್ಕೆ ಅದು ಅನ್ವಯಿಸದು.

"ಇನ್ಶೂರೆನ್ಸ್ ಇದೆ, ಬೋನಸ್ಸೂ ಇದೆ ಅಂತ ಮಾರುವವರು ಹೇಳಿದರು"

ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕರದು. ಅವರ ಶೇ. 50 ರಿಯಾಯಿತಿ ಅವರ ಜೊತೆಗೇ ಹೋಗುತ್ತದೆ. ಥರ್ಡ್ ಪಾರ್ಟಿ ಕಂತು ದೊಡ್ಡ ಹೊರೆಯಲ್ಲ. 1000 ಸಿಸಿಯವರೆಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ದಾಟಿದರೆ 7,897. ಟಿಟಿಗೂ ಮಸ್ಟಾಂಗ್‌ಗೂ ಒಂದೇ ದರ. ಹೊರೆ ಇರುವುದು ಸ್ವಂತ ಕಾರಿನ ಹಾನಿಯ ವಿಮೆಯಲ್ಲಿ. ಸವಕಳಿ ಕಳೆಯದೆ ಪೂರ್ತಿ ಬೆಲೆ ಕೊಡುವ ಝೀರೋ ಡೆಪ್ ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿತವಾಗುತ್ತದೆ, ಬಂಪರೇ ಪ್ಲಾಸ್ಟಿಕ್. ಐದು ವರ್ಷ ದಾಟಿದ ಕಾರಿಗೆ ಎಷ್ಟೋ ಕಂಪನಿಗಳು ಝೀರೋ ಡೆಪ್ ಕೊಡುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಆ ಕಾರಿನ ನಂಬರ್ ಕೊಟ್ಟು ನಿಮ್ಮ ಹೆಸರಿನಲ್ಲಿ ಕೊಟೇಶನ್ ತರಿಸಿಕೊಳ್ಳಿ.

ನಿಮ್ಮ ಆಲ್ಟೊ ಮಾರಿದರೆ ಅದರ ಮೇಲೆ ನೀವು ಗಳಿಸಿದ ಬೋನಸ್ಸನ್ನು ವಿಮಾ ಕಂಪನಿಯಿಂದ ಪತ್ರ ಪಡೆದು ಕೂಪೆಯ ಪಾಲಿಸಿಗೆ ತರಬಹುದು, ಪತ್ರ ಮೂರು ವರ್ಷ ನಡೆಯುತ್ತದೆ. 48 ಪಿಎಸ್ ಕಾರಿನಲ್ಲಿ ಗಳಿಸಿದ ಅದೇ ಶೇಕಡಾವಾರು 400 ಪಿಎಸ್ ಕಾರಿಗೂ ಸಲ್ಲುತ್ತದೆ. ಮಳೆಗಾಲಕ್ಕೂ ಮಾರ್ಕೆಟ್ಟಿಗೂ ಇರಲಿ ಎಂದು ಆಲ್ಟೊವನ್ನು ಉಳಿಸಿಕೊಂಡರೆ ಬೋನಸ್ ಅದರ ಮೇಲೇ ಉಳಿಯುತ್ತದೆ, ಕೂಪೆಯ ಪಾಲಿಸಿ ಸೊನ್ನೆಯಿಂದ ಶುರು.