ಲಾಯ ಕಾದವರು

15ನೆಯ ಶತಮಾನದ ಕೊನೆಯಲ್ಲಿ ವಿಜಯನಗರದ ದೊರೆಯೊಬ್ಬ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಹೊರ್ಮುಜ್, ಏಡನ್ ಬಂದರುಗಳಿಂದ ಹಡಗು ಹತ್ತಿ ಬರುವ ಕುದುರೆಗಳನ್ನು ಸಾಳುವ ನರಸಿಂಹ ಸಾವಿರ ಪರ್ದಾವ್ ನಾಣ್ಯಗಳಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ನಡುಗಡಲಲ್ಲಿ ಪ್ರಾಣ ಬಿಟ್ಟ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಸಾಕು, ಬದುಕಿ ಬಂದದ್ದಕ್ಕೆ ಎಷ್ಟೋ ಅಷ್ಟೇ ಹಣ. ಈ ಸಂಗತಿ ಬರೆದಿಟ್ಟವನು 1535ರ ಸುಮಾರಿಗೆ ಹಂಪಿಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಸ್. ವ್ಯಾಪಾರಿ ಹೇಳಿದ ಮಾತು, ಅದೂ ತನಗಿಂತ ಹಿಂದಿನ ಕಾಲದ್ದು. ಸ್ವಲ್ಪ ಉಪ್ಪುಖಾರ ಬಿದ್ದಿದ್ದರೂ ಬಿದ್ದಿರಬಹುದು. ಆದರೆ ಕುದುರೆಗಾಗಿ ದಕ್ಷಿಣದ ದೊರೆಗಳು ಪಡುತ್ತಿದ್ದ ಪಾಡು ಸುಳ್ಳಲ್ಲ.

ಕೊಳ್ಳುವುದು ಒಂದು ಕಷ್ಟವಾದರೆ, ಕೊಂಡದ್ದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕಷ್ಟವಾಗಿತ್ತು. ನೂನಿಸ್‌ಗಿಂತ ಸುಮಾರು ಎರಡೂವರೆ ಶತಮಾನ ಮೊದಲು ಪಾಂಡ್ಯರ ಕರಾವಳಿಗೆ ಬಂದ ಮಾರ್ಕೊ ಪೋಲೊ ಇದನ್ನು ಕಂಡು ಬೆರಗಾಗಿದ್ದ. ಅಲ್ಲಿನ ಅರಸರು ವರ್ಷಕ್ಕೆ ಎರಡೆರಡು ಸಾವಿರ ಕುದುರೆ ಕೊಳ್ಳುತ್ತಾರೆ, ವರ್ಷ ಮುಗಿಯುವಾಗ ನೂರೂ ಉಳಿದಿರುವುದಿಲ್ಲ ಎಂದು ಅವನ ಲೆಕ್ಕ. ಕಾರಣವನ್ನೂ ಅವನೇ ಕೊಡುತ್ತಾನೆ: ಈ ಜನಕ್ಕೆ ಕುದುರೆ ಸಾಕುವುದು ಗೊತ್ತಿಲ್ಲ, ಲಾಳ ಕಟ್ಟಿ ಮದ್ದು ಮಾಡುವವರಿಲ್ಲ, ಬೇಯಿಸಿದ ಅನ್ನ ಮತ್ತು ಮಾಂಸ ತಿನ್ನಿಸುತ್ತಾರೆ. ಅರಬ್ಬೀ ವ್ಯಾಪಾರಿಗಳು ಬೇಕೆಂದೇ ಕುದುರೆ ವೈದ್ಯರನ್ನು ಈ ಕಡೆ ಬರಗೊಡುವುದಿಲ್ಲ ಎಂಬುದೂ ಅವನ ದೂರು. ಕುದುರೆ ಸಾಯುತ್ತಿದ್ದರೆ ತಾನೇ ಮರುವರ್ಷ ವ್ಯಾಪಾರ!

ಪೋಲೊ ಹೇಳಿದ್ದನ್ನೆಲ್ಲ ಹಾಗೆ ಹಾಗೆಯೇ ನಂಬಬೇಕಿಲ್ಲ. ಕುದುರೆ ಆರೈಕೆಯ ಶಾಸ್ತ್ರ ಈ ನೆಲಕ್ಕೆ ಹೊಸದೇನೂ ಆಗಿರಲಿಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಅಶ್ವಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಲಾಯದ ಅಗಲ ಕುದುರೆಯ ಉದ್ದದ ಎರಡರಷ್ಟಿರಬೇಕು, ನಡುವೆ ಕುದುರೆ ಹೊರಳಾಡಲು ಜಾಗ ಬೇಕು, ಸುತ್ತ ಕೋತಿ, ನವಿಲು, ಮುಂಗುಸಿ, ಗಿಳಿ, ಮೈನಾ ಇರಬೇಕು ಎಂದೆಲ್ಲ ಅಲ್ಲಿ ವಿಧಿಸಲಾಗಿದೆ. ಪೋಲೊ ಹುಬ್ಬೇರಿಸಿದ ಮಾಂಸದೂಟ ಕೂಡ ಆ ಪಟ್ಟಿಯಲ್ಲಿ ಎಣ್ಣೆ, ಉಪ್ಪು, ಅರೆಬೆಂದ ಧಾನ್ಯದ ಜೊತೆಗೇ ಕೂತಿದೆ. ಅದಕ್ಕಿಂತ ಕುತೂಹಲದ್ದು ಕೆಲಸದವರ ಪಟ್ಟಿ. ಕುದುರೆ ಕಟ್ಟುವವನು ಬೇರೆ, ಹುಲ್ಲು ತರುವವನು ಬೇರೆ, ದಾಣಿ ಬೇಯಿಸುವವನು, ಲಾಯ ಕಾಯುವವನು, ಕೂದಲು ಕತ್ತರಿಸುವವನು, ವಿಷ ಇಳಿಸುವವನು ಎಲ್ಲರೂ ಬೇರೆ ಬೇರೆ. ಕೆಲಸ ತಪ್ಪಿಸಿದರೆ ಅಂದಿನ ಕೂಲಿ ಕಟ್. ಎರಡು ಸಾವಿರ ವರ್ಷದಷ್ಟು ಹಳೆಯ ಈ ಒಂದು ವಾಕ್ಯದಲ್ಲಿ ಲಾಯದ ಆಳಿನ ಬದುಕು ಇಡಿಯಾಗಿ ಇಣುಕುತ್ತದೆ.

ಕನ್ನಡ ನಾಡಿನಲ್ಲೂ ಕುದುರೆ ಅರಮನೆಯ ವಿದ್ಯೆಯೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣವೂ ಕುದುರೆಯಾಟವೂ ಬರುತ್ತವೆ. ಅಭಿನವಚಂದ್ರ ಕನ್ನಡದಲ್ಲೇ ‘ಅಶ್ವವೈದ್ಯ’ ಬರೆದ. ಶಾಸ್ತ್ರ ಬರೆದವರ ಹೆಸರು ಉಳಿಯಿತು. ಲದ್ದಿ ಬಾಚಿದವರ ಹೆಸರು ಯಾವ ಓಲೆಗರಿಗೂ ಏರಲಿಲ್ಲ.

ಕಲ್ಲಿನಲ್ಲಿ ಮಾತ್ರ ಅವರು ಸಿಗುತ್ತಾರೆ. ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯಲ್ಲೂ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲೂ ಕುದುರೆಗಳ ಮೆರವಣಿಗೆ ಸಾಗಿದೆ. ಪಕ್ಕದಲ್ಲಿ ಕಡಿವಾಣ ಹಿಡಿದು ನಡೆಯುವ ಆಳುಗಳಿದ್ದಾರೆ. ಅರಸನ ಬಳಿ 1,600 ಮಂದಿ ಕುದುರೆಯಾಳುಗಳು, 300 ಮಂದಿ ಕುದುರೆ ಪಳಗಿಸುವವರು ಇದ್ದರೆಂದು ನೂನಿಸ್ ಬರೆಯುತ್ತಾನೆ. ಅರಸನ ಕುದುರೆಗಳಿಗೆಲ್ಲ ಮುದ್ರೆ ಒತ್ತಿರುತ್ತಿತ್ತು. ಕುದುರೆ ಸತ್ತರೆ ಮುದ್ರೆಯಿದ್ದಷ್ಟು ತೊಗಲನ್ನು ಕತ್ತರಿಸಿ ಲಾಯದ ಮುಖ್ಯಾಧಿಕಾರಿಗೆ ಒಪ್ಪಿಸಬೇಕು, ಆಮೇಲೆಯೇ ಬೇರೆ ಕುದುರೆ. ಬಾಲ ನೋಡಿ ಹಣ ಕೊಟ್ಟ ಆಸ್ಥಾನ ತನ್ನವರ ಕೈಯಿಂದ ಮಾತ್ರ ಹೀಗೆ ಕಟ್ಟುನಿಟ್ಟಾಗಿ ಲೆಕ್ಕ ಕೇಳುತ್ತಿತ್ತು.

ಕಡಲಾಚೆಯ ಕುದುರೆಯನ್ನೇ ನೆಚ್ಚಿದರೆ ಕಡಲನ್ನು ಹಿಡಿದವನ ಮರ್ಜಿ ಕಾಯಬೇಕು. ಗೋವೆಯನ್ನು ಪೋರ್ಚುಗೀಸರು ಹಿಡಿದ ಮೇಲೆ ವಿಜಯನಗರಕ್ಕೂ ಬಿಜಾಪುರಕ್ಕೂ ಈ ಸಂಕಟ ಚೆನ್ನಾಗಿಯೇ ಅರಿವಾಯಿತು. ಇಂಗ್ಲಿಷರ ಮೇಲೆ ಕಾದಲು ಕುದುರೆ ಬೇಕಾದಾಗ ಟಿಪ್ಪು ಸುಲ್ತಾನ ಬೇರೆ ದಾರಿ ಹಿಡಿದ. 1790ರ ಸುಮಾರಿಗೆ ಕುಣಿಗಲ್‌ನಲ್ಲಿ ಅವನು ಆರಂಭಿಸಿದ ಕುದುರೆ ಫಾರಂ ಇಂದಿಗೂ ಇದೆ. ತುಮಕೂರು ಜಿಲ್ಲೆಯ ಈ ಊರಿನಲ್ಲಿ 400 ಎಕರೆಗೂ ಮಿಕ್ಕಿದ ಹುಲ್ಲುಗಾವಲು, ಸಾಲುಮರ, ಲಾಯಗಳು. ಕೈಗಳು ಬದಲಾದವು: ಸುಲ್ತಾನ, ಅರಸರು, ದಂಡು, ರಾಜ್ಯ ಸರ್ಕಾರ, 1992ರಲ್ಲಿ ಗುತ್ತಿಗೆ ಹಿಡಿದ ಖಾಸಗಿ ಕಂಪನಿ. ಯುದ್ಧದ ಕುದುರೆಯ ಜಾಗಕ್ಕೆ ರೇಸಿನ ಕುದುರೆ ಬಂತು.

‘ಸೈಸ್’ ಎಂದು ಇಂದಿಗೂ ರೇಸ್ ಕೋರ್ಸಿನಲ್ಲಿ ಕರೆಸಿಕೊಳ್ಳುವ ಕೆಲಸಗಾರ ಈಗಿನ ರೂಪ ಪಡೆದದ್ದು ಬ್ರಿಟಿಷರ ದಂಡಿನ ಕಾಲದಲ್ಲಿ. ಒಂದು ಕುದುರೆಗೆ ಒಬ್ಬ ಸೈಸ್, ಒಬ್ಬ ಹುಲ್ಲು ಕೊಯ್ಯುವವ ಎಂಬುದು ಆಗಿನ ವಾಡಿಕೆ. ಹುಲ್ಲಿನವನು ಬೆಳಗಾದರೆ ಕುರ್ಪಿ ಹಿಡಿದು ಹೊರಟು ಗರಿಕೆಯನ್ನು ಬೇರುಸಮೇತ ಕೆತ್ತಿ, ಮಣ್ಣು ಕೊಡವಿ, ಹೊರೆ ಕಟ್ಟಿ ತರಬೇಕು. ಬೇಸಿಗೆಯಲ್ಲಿ ಅದಕ್ಕಾಗಿ ಮೈಲಿಗಟ್ಟಲೆ ಅಲೆಯಬೇಕು. ಸೈಸ್ ಮೈ ತಿಕ್ಕಿ, ಗೊರಸು ಕೆರೆದು, ಜೀನು ಬಿಗಿದು, ದೊರೆ ಸವಾರಿ ಹೊರಟರೆ ಚೌರಿ ಹಿಡಿದು ಹಿಂದೆಯೋ ಮುಂದೆಯೋ ಓಡಬೇಕು. ಕುದುರೆ ಓಡಿದಷ್ಟು ದೂರವೂ ಅವನ ಓಟ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಬರುತ್ತಿದ್ದ ‘ವೇಲರ್’ ಕುದುರೆಗಳು ಮದರಾಸಿನಲ್ಲಿ ಇಳಿದು ಬೆಂಗಳೂರಿನ ದಂಡು ಸೇರುತ್ತಿದ್ದವು. ಹೊಸ ನೀರು, ಹೊಸ ಮೇವು. ಉತ್ತರದಲ್ಲಿ ಕಡಲೆ ಕೊಟ್ಟರೆ ದಕ್ಷಿಣದಲ್ಲಿ ಹುರುಳಿ. ಹಸಿ ಹುರುಳಿ ಕುದುರೆಯ ಹೊಟ್ಟೆಗೆ ಆಗುವುದಿಲ್ಲ. ಬೇಯಿಸಿ, ಆರಿಸಿ, ತೋಬರಕ್ಕೆ ತುಂಬಿ ಮೂತಿಗೆ ಕಟ್ಟಬೇಕು. ಹುರುಳಿ ಬೇಯುವ ವಾಸನೆ ದಂಡಿನ ಲಾಯಗಳ ನಿತ್ಯದ ವಾಸನೆ. ಬಸಿದ ಕಟ್ಟಿನಿಂದ ಸಾರು ಮಾಡುವ ವಿದ್ಯೆ ಹಳೇ ಮೈಸೂರಿನ ಮನೆಗಳಿಗೆ ಚೆನ್ನಾಗಿ ಗೊತ್ತಿರುವಾಗ, ಲಾಯದ ಕಟ್ಟೆಲ್ಲ ಮಣ್ಣುಪಾಲಾಗುತ್ತಿತ್ತು ಎಂದು ನಂಬುವುದು ಕಷ್ಟ.

1896ರಲ್ಲಿ ಆ ದಂಡಿಗೆ ಬಂದಿಳಿದ 4ನೇ ಹುಸ್ಸಾರ್ಸ್ ಪಡೆಯ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್. ಪೋಲೊ ಆಟವೇ ಅವನ ಬದುಕಿನ ಮುಖ್ಯ ಕೆಲಸ. ಬೆಂಗಳೂರಿನ ಮನೆವಾರ್ತೆಯನ್ನು ನೆನೆಯುತ್ತಾ ಅವನು ಬಟ್ಲರ್, ಬಟ್ಟೆ ತೊಡಿಸುವ ಹುಡುಗ, ಪ್ರತಿ ಕುದುರೆಗೂ ಒಬ್ಬೊಬ್ಬ ಸೈಸ್ ಇರಬೇಕೆಂದು ತನ್ನ ಆತ್ಮಕಥೆಯಲ್ಲಿ ಬರೆದ. ಒಬ್ಬೊಬ್ಬ ಎಂದಷ್ಟೇ, ಅವರ ಹೆಸರಿಲ್ಲ.

ಮೈಸೂರು ಸಂಸ್ಥಾನಕ್ಕೂ ತನ್ನದೇ ಅಶ್ವದಳವಿತ್ತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಕಟ್ಟಿದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹಡಗು ಹತ್ತಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದದ್ದು ಪುಸ್ತಕಗಳಲ್ಲಿದೆ, ದೆಹಲಿಯ ತೀನ್ ಮೂರ್ತಿಯಲ್ಲಿದೆ, ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದಲ್ಲಿದೆ. ಭರ್ಜಿ ಹಿಡಿದು ಮಷಿನ್ ಗನ್‌ಗಳ ಎದುರು ನುಗ್ಗಿದ ಆ ಕುದುರೆಗಳು ಮರಳುಗಾಡಿನಲ್ಲಿ ನಾಲ್ಕು ವರ್ಷ ಕಳೆದಿದ್ದವು. ಅಲ್ಲಿ ಕುದುರೆ ನಡೆಯುವಂತಿರಬೇಕಾದರೆ ದಿನವೂ ನೀರು ಕುಡಿಸಬೇಕು, ಜೀನು ತಿಕ್ಕಿ ಬೆನ್ನು ಹುಣ್ಣಾಗದಂತೆ ನೋಡಬೇಕು, ಗೊರಸಿನ ಸಂದಿಯ ಕಲ್ಲು ತೆಗೆಯಬೇಕು. ಆ ಯುದ್ಧದಲ್ಲಿ ಭಾರತದಿಂದ ಹೋದ ಸೈಸ್‌ಗಳನ್ನು ದಂಡು ‘ಫಾಲೋಯರ್’ ಎಂಬ ಖಾನೆಗೆ ಹಾಕಿತ್ತು. ಸಿಪಾಯಿಗಿಂತ ಸಂಬಳ ಕಡಿಮೆ, ಮರ್ಯಾದೆಯೂ ಕಡಿಮೆ.

ಟ್ಯಾಂಕುಗಳು ಬಂದವು, ದಂಡಿನಲ್ಲಿ ಕುದುರೆಯ ಕಾಲ ಮುಗಿಯಿತು. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 61ನೇ ಕ್ಯಾವಲ್ರಿ ಕಟ್ಟಿದಾಗ ಮೈಸೂರಿನವರೂ ಅದರೊಳಗೆ ಸೇರಿದರು. ಕುದುರೆ ನೋಡಿಕೊಳ್ಳಬಲ್ಲವರಿಗೆ ಊರಲ್ಲಿ ಉಳಿದ ಜಾಗಗಳು ಕೆಲವೇ: ಪೊಲೀಸ್ ಅಶ್ವದಳ, ಜಟಕಾ ಗಾಡಿ, ಸವಾರಿ ಶಾಲೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್. ಮೈಸೂರಿನಲ್ಲಿ ದಸರೆ ಹತ್ತಿರವಾದಾಗ ಕುಶಾಲು ತೋಪಿನ ತಾಲೀಮು ನಡೆಯುತ್ತದಲ್ಲ, ಪತ್ರಿಕೆಗಳಲ್ಲಿ ಆನೆಗಳ ಚಿತ್ರವೇ ದೊಡ್ಡದಾಗಿ ಬರುತ್ತದೆ. ಅದೇ ಸದ್ದಿಗೆ ಅಶ್ವದಳದ ಕುದುರೆಗಳನ್ನೂ ಒಗ್ಗಿಸಬೇಕು. ಬೆಚ್ಚಿದಾಗ ಆನೆ ಹಿಂದೆ ಸರಿಯಬಹುದು, ಕುದುರೆ ಓಟವನ್ನೇ ಕೀಳುತ್ತದೆ.

ರೇಸ್ ಕುದುರೆಯ ಲಾಯದಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರು. ಸೈಸ್ ಮೊದಲು ನೋಡುವುದು ಕುದುರೆಯನ್ನಲ್ಲ, ಮೇವಿನ ತೊಟ್ಟಿಯನ್ನು. ರಾತ್ರಿಯ ದಾಣಿ ಉಳಿದಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಆಮೇಲೆ ಲದ್ದಿ: ಗಟ್ಟಿಯಾಗಿದೆಯೇ, ತೆಳುವೇ, ಎಂದಿನಷ್ಟಿದೆಯೇ. ದಿನಕ್ಕೆ 15ರಿಂದ 20 ಕಿಲೋ ಲದ್ದಿ ಹಾಕುವ ಪ್ರಾಣಿ ರಾತ್ರಿಯಿಡೀ ಹಾಕಿಲ್ಲವೆಂದರೆ ಹೊಟ್ಟೆಶೂಲೆಯ ಸಂಶಯ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ, ಕರುಳು ಕಟ್ಟಿಕೊಂಡರೆ ಅದು ತನ್ನ ಪಕ್ಕೆಯನ್ನೇ ತಿರುತಿರುಗಿ ನೋಡುತ್ತದೆ, ಕಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಹೊರಳುತ್ತದೆ. ಡಾಕ್ಟರು ಬರುವ ತನಕ ಅದನ್ನು ಸಂಭಾಳಿಸುವವನು ಸೈಸ್. ಬಹಳ ಸಲ ಡಾಕ್ಟರನ್ನು ಕರೆಯಬೇಕೆಂದು ಮೊದಲು ಹೇಳುವವನೂ ಅವನೇ.

ತೊಟ್ಟಿಯ ನಂತರ ಕಾಲು. ಮಂಡಿಯಿಂದ ಕೆಳಕ್ಕೆ ಅಂಗೈ ಸವರಿಕೊಂಡು ಇಳಿಯುತ್ತಾನೆ. ನಾಲ್ಕು ಕಾಲಿನಲ್ಲಿ ಒಂದು ತುಸು ಬಿಸಿ ಎನ್ನಿಸಿದರೂ ಅಂದಿನ ಓಟ ನಿಲ್ಲಬೇಕು. ಕಾಲಿನ ಹಿಂಬದಿಯ ಸ್ನಾಯುರಜ್ಜು ಒಮ್ಮೆ ಹರಿದರೆ ಆ ಕುದುರೆಯ ರೇಸ್ ಬದುಕೇ ಮುಗಿದಂತೆ. ಗೊರಸು ಎತ್ತಿಸಿ ಕೊಕ್ಕೆಯಿಂದ ಕೆರೆಯುವಾಗ ಕೊಳೆತ ವಾಸನೆ ಬಂದರೆ ಲಾಯದ ನೆಲ ಒದ್ದೆಯಿದೆ ಎಂದರ್ಥ. ಒದ್ದೆ ಹುಲ್ಲಿನಲ್ಲಿ ಮೂತ್ರದ ಅಮೋನಿಯಾ ಏರಿದರೆ ಕುದುರೆಯ ಶ್ವಾಸಕೋಶ ಕೆಡುತ್ತದೆ. ಅದನ್ನು ಬಾಚುವ ಮನುಷ್ಯನ ಶ್ವಾಸಕೋಶದ ಮಾತು ಲಾಯದಲ್ಲಿ ಬರುವುದು ಅಪರೂಪ. ಓಡಿ ಬಂದ ಕುದುರೆಯನ್ನು ಬೆವರು ಆರುವವರೆಗೆ ನಡೆದಾಡಿಸಿ, ಮೈ ತೊಳೆದು, ತಿಕ್ಕಿ, ಕುದುರೆ ಮಸಾಲೆ ಸೊಪ್ಪು ಹಾಕುವ ಹೊತ್ತಿಗೆ ಊರಿನವರು ಆಫೀಸಿಗೆ ಹೊರಟಿರುತ್ತಾರೆ.

ರೇಸ್ ದಿನದ ಪುಸ್ತಕದಲ್ಲಿ ಕುದುರೆಯ ತಂದೆ, ತಾಯಿ, ಮಾಲೀಕ, ಟ್ರೈನರ್, ಜಾಕಿ ಎಲ್ಲರ ಹೆಸರೂ ಅಚ್ಚಾಗಿರುತ್ತದೆ. ದಿನಕ್ಕೆ ಎರಡು ನಿಮಿಷದಷ್ಟು ಕುದುರೆಯ ಮೇಲೆ ಕೂರುವವನು ಜಾಕಿ, ಉಳಿದ ಹೊತ್ತೆಲ್ಲ ಅದರ ಜೊತೆಗಿರುವವನು ಸೈಸ್. ಗೆದ್ದ ಕುದುರೆಯ ಫೋಟೋದಲ್ಲಿ ಅವನಿರುತ್ತಾನೆ, ಕಡಿವಾಣ ಹಿಡಿದುಕೊಂಡು. ಹಜಾರರಾಮ ಗುಡಿಯ ಗೋಡೆಯಲ್ಲೂ ಅಷ್ಟೇ ತಾನೆ.

ಕುಣಿಗಲ್‌ನಂಥ ಫಾರಂಗಳಲ್ಲಿ ಕೆಲಸದ ಲಯವೇ ಬೇರೆ. ಭಾರತದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ನ್ನೇ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಗೆ ಕೆಲವೇ ದಿನಗಳಲ್ಲಿ ಒಂದು ವರ್ಷ ತುಂಬಿಬಿಡುತ್ತದೆ, ಮುಂದೆ ತನಗಿಂತ ತಿಂಗಳುಗಟ್ಟಲೆ ದೊಡ್ಡವರ ಜೊತೆ ಓಡಬೇಕಾಗುತ್ತದೆ. ಆದ್ದರಿಂದ ಹನ್ನೊಂದು ತಿಂಗಳ ಗರ್ಭವನ್ನು ಲೆಕ್ಕ ಹಾಕಿ, ಹೆರಿಗೆಗಳು ಹೊಸ ವರ್ಷದ ಮೊದಲ ತಿಂಗಳುಗಳಿಗೆ ಬೀಳುವಂತೆ ನೋಡಿಕೊಳ್ಳುತ್ತಾರೆ. ಹೆಣ್ಣುಗುದುರೆ ಈಯುವುದು ಹೆಚ್ಚಾಗಿ ನಡುರಾತ್ರಿಯಲ್ಲಿ, ಸುತ್ತ ಯಾರೂ ಇಲ್ಲವೆನಿಸಿದಾಗ. ಹಾಗಾಗಿ ಆ ತಿಂಗಳುಗಳಲ್ಲಿ ಲಾಯದವರದು ರಾತ್ರಿ ಪಾಳಿ. ಕೆಚ್ಚಲಿನ ತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತೇ ಎಂದು ಟಾರ್ಚ್ ಬಿಟ್ಟು ನೋಡುತ್ತಾರೆ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು, ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಸತ್ತೆ ಬೀಳಬೇಕು. ಬಿದ್ದ ಸತ್ತೆಯನ್ನು ನೆಲದ ಮೇಲೆ ಹರಡಿ, ತುಂಡೇನಾದರೂ ಒಳಗೆ ಉಳಿಯಿತೇ ಎಂದು ಅಂಚಿಗೆ ಅಂಚು ಕೂಡಿಸಿ ನೋಡುತ್ತಾರೆ. ಉಳಿದರೆ ತಾಯಿಗೆ ನಂಜೇರುತ್ತದೆ, ಗೊರಸಿಗೂ ಬಾಧೆ ಇಳಿಯುತ್ತದೆ. ಎಲ್ಲ ಸರಿಯಿದ್ದರೆ ಹೊತ್ತು, ಬಣ್ಣ, ಗಂಡೋ ಹೆಣ್ಣೋ ಎಂಬುದನ್ನು ರಿಜಿಸ್ಟರಿನಲ್ಲಿ ಬರೆದು ಪಕ್ಕದ ಲಾಯಕ್ಕೆ ಹೋಗುತ್ತಾರೆ.