ಗ್ರಂಥಸ್ವಾಮ್ಯವೂ ಗಣಕಯುಗದ ಗ್ರಂಥಾಲಯವೂ

ಜೀರ್ಣವಾಗುತ್ತಿರುವ ಗ್ರಂಥವನ್ನು ಉಳಿಸುವುದು ಒಂದು ಕಾರ್ಯ. ಅದನ್ನು ಲೋಕಕ್ಕೆಲ್ಲ ಹಂಚುವುದು ಬೇರೊಂದು ಕಾರ್ಯ. ವಿದ್ಯಾಸಂಸ್ಥೆಗಳ ಗ್ರಂಥಭಂಡಾರಗಳು ಗಣಕಯಂತ್ರವನ್ನು ಆಶ್ರಯಿಸಿರುವ ಈ ಕಾಲದಲ್ಲಿ ಇವೆರಡರ ಅಂತರವನ್ನು ಅರಿಯುವುದು ಅವಶ್ಯಕವಾಗಿದೆ.

1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯಂತೆ, ಲಾಭದೃಷ್ಟಿಯಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿಯೂ ಇರಿಸಿಕೊಳ್ಳಬಹುದು. ಆದರೆ ಸ್ವಾಮ್ಯವುಳ್ಳ ಕೃತಿಯನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಡಲು ಹಕ್ಕುದಾರರ ಸಮ್ಮತಿ ಬೇಕು.

ಈ ಸ್ವಾಮ್ಯವು ಲೇಖಕನ ಜೀವಿತಕಾಲದಲ್ಲಿಯೂ ನಿಧನಾನಂತರ 60 ವರ್ಷಗಳವರೆಗೂ ಊರ್ಜಿತವಾಗಿರುತ್ತದೆ. ಶರಣರ ವಚನಗಳು ಸರ್ವರ ಸೊತ್ತು. ಅವಕ್ಕೆ ಇಂದಿನ ಸಂಪಾದಕರು ಬರೆದ ಪ್ರಸ್ತಾವನೆ, ಟಿಪ್ಪಣಿಗಳು ಹಾಗಲ್ಲ. ‘ವಚನಶಾಸ್ತ್ರಸಾರ’ವನ್ನು ನಾಡಿಗಿತ್ತ ಫ. ಗು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2025ರ ಜನವರಿ 1ರಿಂದ ಸ್ವಾಮ್ಯಮುಕ್ತವಾಗಿವೆ.

ಲೇಖಕರೂ ಎಚ್ಚರದಿಂದಿರಬೇಕು. ಪ್ರಕಾಶಕರಿಗೆ ಹಕ್ಕನ್ನು ವಹಿಸಿಕೊಡುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಕಾನೂನು ಅದನ್ನು 5 ವರ್ಷವೆಂದೇ ಎಣಿಸುತ್ತದೆ. ಅವಧಿಯೊಡನೆ, ವಿದ್ಯುನ್ಮಾನ ಪ್ರಕಟಣೆಯ ಹಕ್ಕು ಯಾರದೆಂಬುದನ್ನೂ ಅದರಲ್ಲಿ ಸ್ಪಷ್ಟಪಡಿಸುವುದು ಲೇಸು. ಗ್ರಂಥಾಲಯವು ಸಮ್ಮತಿಯನ್ನು ಲಿಖಿತವಾಗಿ ಪಡೆದು ನಡೆದರೆ ಜ್ಞಾನದಾಸೋಹವೂ ನಿಲ್ಲದು, ಬರೆದವರ ಕಾಯಕಕ್ಕೆ ಸಲ್ಲಬೇಕಾದುದೂ ತಪ್ಪದು.