ಗೀಸರ್‌ಗೆ ಕೇಳಿದ ಮೂರು ಪ್ರಶ್ನೆ

ಹೋದ ಚಳಿಗಾಲದಲ್ಲಿ ಅವ್ವ ಧಾರವಾಡದಿಂದ ಪುಣೆಗೆ ಬಂದಿದ್ದಳು. ಕೊಥ್ರೂಡ್‌ನ ನಮ್ಮ ಬಾಡಿಗೆ ಮನೆಯಲ್ಲಿ ಎರಡನೇ ದಿನವೇ ಸ್ನಾನದ ಮನೆಯಿಂದ ಕೂಗಿದಳು: "ನಳ ಮುಟ್ಟಿದ್ರ ಕೈ ಜುಮ್ ಅಂತೈತಿ!" ಮೆಕ್ಯಾನಿಕ್ ಬಂದು ನೋಡಿ, ನೀರು ಕಾಯುತ್ತಿದೆ, ಎಲಿಮೆಂಟ್ ಸರಿ ಇದೆ ಎಂದು ಮರಾಠಿಯಲ್ಲಿ ಹೇಳಿ ಹೋದ. ನನಗೆ ಸಮಾಧಾನವಾಗಲಿಲ್ಲ. ಗೀಸರ್ ಬಳಸುವುದನ್ನು ನಿಲ್ಲಿಸಿ, ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋದೆ. ಹೆಸರು ನಶ್ಯದ್ದು, ವ್ಯಾಪಾರ ಎಲೆಕ್ಟ್ರಿಕ್ ಸಾಮಾನಿನದು. ಅಲ್ಲಿಂದ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆ.

ರೋಧ ಅಳೆಯುವಾಗ ಮೀಟರ್ ತನ್ನದೇ ಬ್ಯಾಟರಿಯಿಂದ ಸಣ್ಣ ಕರೆಂಟ್ ಹರಿಸಿ ಲೆಕ್ಕ ಹಾಕುತ್ತದೆ. ಹೊರಗಿನ ಕರೆಂಟ್ ಅದರಲ್ಲಿ ಸೇರಿದರೆ ಲೆಕ್ಕವೂ ಕೆಡುತ್ತದೆ, ಮೀಟರೂ ಕೆಡಬಹುದು. ಹಾಗಾಗಿ ಮೊದಲು ಎಂಸಿಬಿ ಇಳಿಸಿ, ಪ್ಲಗ್ ಕಿತ್ತೆ. ಎಲಿಮೆಂಟಿನ ಎರಡೂ ವೈರ್ ಬಿಡಿಸಿದೆ. ಇಲ್ಲವಾದರೆ ಪಕ್ಕದ ದಾರಿಗಳೂ ಅಳತೆಗೆ ಸೇರಿಕೊಳ್ಳುತ್ತವೆ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ 0.3 ಓಮ್ ತೋರಿಸಿತು. ಅದು ಮೀಟರಿನ ವೈರಿನದೇ ರೋಧ, ಕಳೆಯಬೇಕು. ಕಡ್ಡಿಗಳ ಎರಡೂ ತುದಿಯನ್ನು ಬೆರಳಲ್ಲಿ ಹಿಡಿಯಬಾರದು. ನಮ್ಮ ಮೈಯ ರೋಧವೂ ಲೆಕ್ಕಕ್ಕೆ ಬರುತ್ತದೆ.

ಮೊದಲ ಅಳತೆ, ಎಲಿಮೆಂಟಿನ ಒಂದು ತುದಿಯಿಂದ ಇನ್ನೊಂದಕ್ಕೆ. 27.2 ಓಮ್, 0.3 ಕಳೆದರೆ 26.9. ಗೀಸರ್ 2000 ವ್ಯಾಟಿನದು. 230ರ ವರ್ಗವನ್ನು 2000ದಿಂದ ಭಾಗಿಸಿದರೆ 26.45. ಎಲಿಮೆಂಟ್ ಸರಿ ಇದೆ. ಮೆಕ್ಯಾನಿಕ್ ಸುಳ್ಳು ಹೇಳಿರಲಿಲ್ಲ.

ಎರಡನೆಯದು, ಎಲಿಮೆಂಟಿನ ತುದಿಯಿಂದ ಗೀಸರಿನ ಲೋಹದ ಮೈಗೆ. ಇಲ್ಲಿ ಮೀಟರ್ 'ಓಎಲ್' ತೋರಿಸಬೇಕು, ಅಂದರೆ ದಾರಿಯೇ ಇಲ್ಲ ಎಂದು. ನನಗೆ ಕಂಡದ್ದು ಸುಮಾರು 40 ಕಿಲೋ ಓಮ್. 230 ವೋಲ್ಟ್‌ಗೆ ಹೆಚ್ಚುಕಡಿಮೆ 6 ಮಿಲಿಆಂಪಿಯರ್ ಸೋರಬಹುದು. ಕೈ ಜುಮ್ಮೆನ್ನಲು ಅಷ್ಟು ಸಾಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೀಳಲು ಸಾಲದು.

ಆದರೆ ಸೋರಿದ ಕರೆಂಟ್ ಅರ್ಥ್ ವೈರಿಗೆ ಇಳಿಯಬೇಕಿತ್ತಲ್ಲ? ಮೂರನೆಯ ಅಳತೆ, ಪ್ಲಗ್ಗಿನ ದಪ್ಪ ಪಿನ್ನಿನಿಂದ ಗೀಸರಿನ ಮೈಗೆ. ಇಲ್ಲಿ ಸೊನ್ನೆಯ ಹತ್ತಿರ ಬರಬೇಕು. ಬಂದದ್ದು ಓಎಲ್! ಪ್ಲಗ್ ಬಿಚ್ಚಿದರೆ, ಹಸಿರು ವೈರ್ ಸ್ಕ್ರೂ ಬಿಟ್ಟು ಸುಮ್ಮನೆ ಕೂತಿತ್ತು.

ಎಲಿಮೆಂಟ್ ಬದಲಿಸಿದ್ದು, ಗೋಡೆಯ ಸಾಕೆಟ್ಟಿನ ಅರ್ಥ್ ಪರೀಕ್ಷಿಸಿದ್ದು ಎಲೆಕ್ಟ್ರಿಷಿಯನ್. ಆತ ಮೆಗ್ಗರ್ ಕೂಡ ತಂದಿದ್ದ. ಮಲ್ಟಿಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ, ಮೆಗ್ಗರ್ 500 ವೋಲ್ಟಿನಲ್ಲಿ. ಮಲ್ಟಿಮೀಟರಿನಲ್ಲಿ ಓಎಲ್ ಬಂದರೂ ಸೋರಿಕೆ ಇಲ್ಲವೆಂದು ನೆಚ್ಚಿಕೊಳ್ಳುವಂತಿಲ್ಲ. ಕಿಲೋ ಓಮ್ ಬಂದರೆ ಮಾತ್ರ ಸೋರಿಕೆ ಖಚಿತ.

ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಗೋಡೆಯ ಗೀಸರ್ ಯಾರು, ಯಾವಾಗ ಹಾಕಿದ್ದೋ ಗೊತ್ತಿರುವುದಿಲ್ಲ. ನೀರು ಕಾಯುತ್ತದೆಯೇ ಎಂದಷ್ಟೇ ನೋಡುತ್ತೇವೆ. ಉಳಿದೆರಡು ಪ್ರಶ್ನೆ ಕೇಳಿದ್ದು ಅವ್ವನ ಕೈ. ಈಗಲೂ ಫೋನಿನಲ್ಲಿ ಮೊದಲು ವಿಚಾರಿಸುವುದು ಅದನ್ನೇ: "ನಳ ಜುಮ್ ಅನ್ನೂದಿಲ್ಲಲಾ?"